ಕಪ್ಪೆಯ ಮೂಗು

ಬಾಗಿಲನ್ನು ಕೀಲಿನಿಂದ ಕಳಚದೆ ಬೇರೆ ದಾರಿ ಇರಲಿಲ್ಲ. ಖಾಲಿ ಶವದ ಪೆಟ್ಟಿಗೆಯನ್ನು ಒಳಗೆ ತರಲು ಹೀಗೆ ಓರೆ ಮಾಡಿ, ಹಾಗೆ ಓರೆ ಮಾಡಿ ನೋಡಿದ್ದಾಯಿತು. ಪ್ರತಿ ಸಲವೂ ಅದರ ಮೂಲೆ ಚೌಕಟ್ಟಿಗೆ ಬಡಿದು ಸಿಕ್ಕಿಕೊಳ್ಳುತ್ತಿತ್ತು. ಬಡಗಿ ಉಳಿಯನ್ನು ಕೀಲಿನ ಸಂದಿಗೆ ತೂರಿಸಿ ಮೆಲ್ಲಗೆ ಬಡಿಯುತ್ತಿದ್ದ. ಸತ್ತವನ ಎದುರಿಗೆ ಸದ್ದು ಮಾಡಲು ಅವನಿಗೆ ಸಂಕೋಚ.

"ಜೋರಾಗೇ ಹೊಡೀರಿ," ಎಂದಳು ಸತ್ತವನ ಹೆಂಡತಿ. "ಅವರಿಗೇನು ಎಚ್ಚರ ಆಗಲ್ಲ."

ಬಡಗಿ ತಲೆ ಎತ್ತದೆ ಜೋರಾಗಿ ಹೊಡೆದ.

ಬಾಗಿಲು ಕಳಚಿ ಗೋಡೆಗೆ ಒರಗಿಸಿದ ಮೇಲೆ ಅಂಗಳ ಪೂರ್ತಿ ಕಾಣತೊಡಗಿತು. ಬಂದಿದ್ದ ಗಂಡಸರೆಲ್ಲ ಮನೆಗೆ ಬೆನ್ನು ಹಾಕಿ ನಿಂತಿದ್ದರು. ಅವರ ಮುಖವಿದ್ದದ್ದು ಬೇಲಿಯ ಮೂಲೆಯಲ್ಲಿ ನಿಂತಿದ್ದ ಗಾಡಿಯ ಕಡೆಗೆ.

ಅಂಥ ಗಾಡಿಯನ್ನು ಆ ಊರಿನವರು ಇನ್ನೆಲ್ಲೂ ಕಂಡಿರಲಿಲ್ಲ. ಮುಂದೆ ಮೂತಿಯೇ ಇಲ್ಲದ ಚಪ್ಪಟೆ ಮುಖ. ಡ್ರೈವರ್ ಕೂರುವುದು ಮುಂದಿನ ಚಕ್ರದ ನೆತ್ತಿಯ ಮೇಲೆ. ಎರಡು ಮಗ್ಗುಲಿಗೆ ಉಬ್ಬಿದ ದೀಪಗಳು. ಸ್ಟಿಯರಿಂಗ್ ಇರಬೇಕಾದ ಕಡೆ ಇರಲಿಲ್ಲ. ಒಳಗಿನ ಗುಂಡಿಗಳ ಮೇಲಿನ ಅಕ್ಷರ ಓದಬಲ್ಲವರು ಸುತ್ತಮುತ್ತ ಒಬ್ಬರೂ ಇರಲಿಲ್ಲ. ಯಾವುದೋ ದೂರದೇಶದ ಸೇನೆಗೆಂದು ಹುಟ್ಟಿದ್ದು, ಕಲ್ಲಿನ ಗಣಿಗೆ ಬಂದ ಪರದೇಶದ ಎಂಜಿನಿಯರುಗಳ ಜೊತೆ ಹಡಗು ಹತ್ತಿ ಬಂದು, ಅವರು ಹೋದ ಮೇಲೂ ಇಲ್ಲೇ ಉಳಿದುಬಿಟ್ಟಿತ್ತು. ಕಂಡ ಮೊದಲ ದಿನವೇ ಊರು ಅದಕ್ಕೆ ಕಪ್ಪೆ ಎಂದು ಹೆಸರಿಟ್ಟಿತ್ತು.

"ನಾಳೇನೇ ಗುಜರಿಯವನಿಗೆ ಹೇಳಿ ಕಳಿಸ್ತೀನಿ," ಎನ್ನುತ್ತಿದ್ದ ಅವಳ ತಮ್ಮ. "ನಮ್ಮ ಭಾವನ ಆಯಸ್ಸು ತಿಂದಿದ್ದೇ ಇದು."

"ಗುಜರಿಗಾ? ತಲೆ ಕೆಟ್ಟಿದೆಯಾ ನಿಂಗೆ?" ಎಂದ ಕ್ಷೌರದಂಗಡಿಯವ. "ಲಾರಿಗಳೆಲ್ಲ ಹೂತ್ಕೊಂಡು ಕೂತಿರೋ ಕೆಸರಲ್ಲಿ ಇದು ಮದುವೆಮನೆಗೆ ಹೊರಟ ಹಾಗೆ ಹೋಗ್ತಿತ್ತು. ಕಣ್ಣಾರೆ ನೋಡಿದೀನಿ."

"ಹೋಗೋದೇನೋ ಹೋಗ್ತಿತ್ತು. ಡೀಸೆಲ್ ಕುಡಿಯೋದ್ರಲ್ಲಿ ಆನೆ."

"ಚಂದಾನಾ ಅಂದ್ರೆ ಚಂದ ಅಲ್ಲ. ಆದ್ರೂ ಒಂದು ಗತ್ತಿತ್ತಪ್ಪ."

"ಗಾಡಿ ಎಷ್ಟು ಚೆನ್ನಾಗಿದ್ರೇನು," ಹಿಂದಿನಿಂದ ಯಾರೋ ಗೊಣಗಿದರು. "ಓಡಿಸೋನಿಗೆ ಎದೆ ಇರ್ಬೇಕಲ್ಲ."

ಮಾತು ಅಲ್ಲಿಗೆ ತುಂಡಾಯಿತು. ಒಬ್ಬ ಕೆಮ್ಮಿದ. ಇನ್ನೊಬ್ಬ ಹಿಂತಿರುಗಿ ನೋಡಿದ. ಬಾಗಿಲಿಲ್ಲದ ಬಾಗಿಲಲ್ಲಿ ಅವಳು ನಿಂತಿದ್ದಳು.

ಅವಳಿಗೇನೂ ಹೊಸದಲ್ಲ. ಈ ಊರಿನಲ್ಲಿ ಗಾಡಿಯ ಮಾತು ಎಲ್ಲಿಂದ ಹೊರಟರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

*

ಕಪ್ಪೆಯನ್ನು ಮನೆಗೆ ತಂದ ದಿನ ಅವಳ ಗಂಡ ಬೀದಿಯುದ್ದಕ್ಕೂ ಹಾರ್ನ್ ಒತ್ತುತ್ತಲೇ ಬಂದಿದ್ದ. ಗಣಿಯಲ್ಲಿ ಅದನ್ನು ಪಳಗಿಸಿದವನು ಅವನೊಬ್ಬನೇ. ಗಣಿ ಮುಚ್ಚುವಾಗ ಬಾಕಿ ಕೂಲಿಗೆ ಬದಲಾಗಿ ಉಳಿದವರು ತಗಡು ಕೇಳಿದರು, ತಂತಿ ಕೇಳಿದರು. ಅವನು ಗಾಡಿ ಕೇಳಿದ. ಪಕ್ಕದ ಸೀಟಿನಲ್ಲಿ ದರ್ಜಿ ಕೂತಿದ್ದ. ಇಬ್ಬರೂ ಚಡ್ಡಿ ಹಾಕುವ ಕಾಲದಿಂದ ಗೆಳೆಯರು.

"ಇದೇನ್ರೀ ಇದು?" ಎಂದಳು ಅವಳು.

"ನಮ್ದೇ."

"ಸವತಿ ತಂದಿದೀನಿ ಅಂತ ಹೇಳಿ. ಆ ಸವತಿಯಾದ್ರೂ ಒಳಗೆ ಒಂದು ಮೂಲೇಲಿ ಇರ್ತಿದ್ಲು. ಇವಳಿಗೆ ಅಂಗಳ ಪೂರ್ತಿ ಬೇಕು."

ದರ್ಜಿ ಬಿದ್ದು ಬಿದ್ದು ನಕ್ಕ. "ಅತ್ತಿಗೆ, ಸವತಿಗೆ ಸೀರೆ ನಾನು ಹೊಲಿದು ಕೊಡ್ತೀನಿ," ಎಂದವನು ಆ ವಾರವೇ ಸೀಟುಗಳಿಗೆ ಹಸಿರು ಕ್ಯಾನ್ವಾಸಿನ ಹೊದಿಕೆ ಹೊಲಿದು ತಂದ. ದರ್ಜಿಯ ಹೆಂಡತಿ ಅದರ ಅಂಚಿಗೆ ಹಳದಿ ದಾರದಲ್ಲಿ ಎಲೆಬಳ್ಳಿ ಹಾಕಿದ್ದಳು. ಸೇನೆಯ ಗಾಡಿಗೆ ಎಲೆಬಳ್ಳಿ.

ಸಂಜೆ ಚಹದಂಗಡಿಯ ಎದುರು ಗಾಡಿ ನಿಂತರೆ ಊರವರೆಲ್ಲ ಪಂಡಿತರಾಗುತ್ತಿದ್ದರು. ಉರುಳಿಬೀಳುತ್ತದೆ ಎಂದರು, ಬಿಡಿಭಾಗ ಸಿಗುವುದಿಲ್ಲ ಎಂದರು, ಬ್ರೇಕೇ ಇಲ್ಲ ಎಂದರು. ಅವನು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ. ಡ್ರೈವರನ ಬಾಗಿಲ ಪಕ್ಕದಲ್ಲಿ ಮೇಲಕ್ಕೆದ್ದ ಕೊಳವೆಯ ಬಾಯಿಯನ್ನು ಬೆರಳಿನಿಂದ ತಟ್ಟಿ, "ಇದು ಇದರ ಮೂಗು. ಎಂಜಿನ್ ಉಸಿರಾಡೋದು ಇಲ್ಲಿಂದ. ಈ ಮೂಗು ಮುಳುಗೋ ತನಕ ಕಪ್ಪೆ ನಿಲ್ಲಲ್ಲ," ಎನ್ನುತ್ತಿದ್ದ.

ಕೇಳಿ ಕೇಳಿ ಆ ಮಾತು ಊರಿಗೆಲ್ಲ ಬಾಯಿಪಾಠವಾಗಿತ್ತು.

*

ಮೇಲಿನ ಅಣೆಕಟ್ಟು ತೆರೆದ ಬೆಳಿಗ್ಗೆ ಕೆಳಬೀದಿಗೆ ನೀರು ನುಗ್ಗಿತು. ದೋಣಿಗಳು ಬರುವಷ್ಟರಲ್ಲಿ ಸಂಜೆಯಾಗುತ್ತದೆ ಎಂದು ಸುದ್ದಿ ಬಂತು. ಆ ನೀರಿಗೆ ಇಳಿಯಬಲ್ಲದ್ದು ಕಪ್ಪೆಯೊಂದೇ.

ಅವನು ಇಳಿದ. ಹೋದ, ತುಂಬಿಕೊಂಡ, ಬಂದ, ದಿಬ್ಬದ ಮೇಲಿನ ಶಾಲೆಯ ಹತ್ತಿರ ಇಳಿಸಿದ, ಮತ್ತೆ ಹೋದ. ಮುದುಕರು, ಬಸುರಿಯರು, ಹೊಲಿಗೆ ಯಂತ್ರ ಬಿಡಲೊಲ್ಲದೆ ಅಪ್ಪಿಕೊಂಡು ಕೂತಿದ್ದ ದರ್ಜಿಯ ತಾಯಿ, ಎಲ್ಲರೂ ಆ ಹಸಿರು ಸೀಟಿನ ಮೇಲೆ ಕೂತೇ ಬಂದರು. ದರ್ಜಿಯ ಮನೆಗೆ ಬರುವಷ್ಟರಲ್ಲಿ ಗಾಡಿಯಲ್ಲಿ ಜಾಗ ಉಳಿದದ್ದು ಇಬ್ಬರಿಗೆ ಮಾತ್ರ. ಮಾಡಿನ ಮೇಲಿಂದ ದರ್ಜಿಯ ಹೆಂಡತಿ ಗಂಡನಿಗೆ ಕೂಗಿ ಹೇಳಿದ್ದಳಂತೆ: "ಮೊದ್ಲು ನೀವು ಅತ್ತೇನ ಕರ್ಕೊಂಡು ಹೋಗಿ. ಅವರ ಕಾಲು ನಿಲ್ತಿಲ್ಲ. ನಾನು ಮುಂದಿನ ಸಲ ಬರ್ತೀನಿ."

ಮುಂದಿನ ಸಲ ಗಾಡಿ ಇಳಿಜಾರಿನ ತುದಿಗೆ ಬಂದು ನಿಂತಿತು. ಎಂಜಿನ್ ಓಡುತ್ತಲೇ ಇತ್ತು. ತಾಯಿಯನ್ನು ಇಳಿಸಿ ಓಡಿಬಂದ ದರ್ಜಿ ಗಾಡಿಯ ಮೆಟ್ಟಿಲು ಹತ್ತಿ ಬಾಗಿಲಿಗೆ ಜೋತುಬಿದ್ದ.

"ನಡಿಯೋ."

"ಆಗಲ್ಲ ಕಣೋ. ನೀರು ಏರಿದೆ. ಮೂಗು ಮುಳುಗುತ್ತೆ."

"ಎಲ್ಲಿ ಏರಿದೆ? ಬೀದಿದೀಪದ ಕಂಬ ನೋಡು, ನೀರು ಇನ್ನೂ ಆ ಬಣ್ಣದ ಪಟ್ಟಿ ಹತ್ರಾನೇ ಇದೆ. ನಡಿಯೋ."

"ಆಗಲ್ಲ."

ದರ್ಜಿ ನೀರಿಗೆ ಧುಮುಕಹೋದ. ಜನ ಹಿಡಿದು ನೆಲಕ್ಕೆ ಕೆಡವಿ ಅವನ ಮೇಲೆ ಕೂತರು. ದೋಣಿ ಬರುವುದಕ್ಕೆ ಮುಂಚೆ ಆ ಸಾಲಿನ ಗೋಡೆಗಳು ಕುಸಿದವು. ನೀರು ಇಳಿದ ಮೇಲೆ ದರ್ಜಿಯ ಹೆಂಡತಿ ಗಿರಣಿಯ ತಂತಿಬೇಲಿಯಲ್ಲಿ ಹೆಣವಾಗಿ ಸಿಕ್ಕಳು.

ಬದುಕಿ ಬಂದವರೇ ಮಾತು ಶುರುಮಾಡಿದರು. ಮೂಗು ಮುಳುಗೋ ತನಕ ನಿಲ್ಲಲ್ಲ ಅಂತಿದ್ದನಲ್ಲ, ಮುಳುಗಿತ್ತಾ? ಹೋಗಿದ್ದರೆ ಗಾಡಿಯ ಜೊತೆ ಇವನೂ ಹೋಗುತ್ತಿದ್ದ ಎಂದು ಅರ್ಧ ಊರು. ಆರಾಮಾಗಿ ಹೋಗಿಬರಬಹುದಿತ್ತು ಎಂದು ಇನ್ನರ್ಧ. ಕ್ಷೌರದಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಎಂಜಿನ್ನಿನ ಮುಖ ನೋಡದವರೂ ಅದರ ಉಸಿರಾಟದ ಲೆಕ್ಕ ಹೇಳಿದರು. ಅವನು ಮಾತ್ರ ಒಂದು ಮಾತೂ ಆಡಲಿಲ್ಲ. ಕಪ್ಪೆಯನ್ನು ಬೇಲಿಯ ಮೂಲೆಗೆ ನಿಲ್ಲಿಸಿದವನು ಮತ್ತೆ ಅದರ ಕೀಲಿಕೈ ಮುಟ್ಟಲಿಲ್ಲ. ನೀರಿನ ಟ್ಯಾಂಕರ್ ಓಡಿಸಿ ಹೊಟ್ಟೆ ಹೊರೆದ. ಎದುರಿಗೆ ಅವನು ಬಂದರೆ ದರ್ಜಿ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ.

*

"ದರ್ಜಿ ಬರ್ತಾನಾ?" ಅಂಗಳದಲ್ಲಿ ಯಾರೋ ಪಿಸುಗುಟ್ಟಿದರು.

"ಯಾವ ಮುಖ ಇಟ್ಕೊಂಡು ಬರ್ತಾನೆ?"

"ಅವನ ಮುಖಕ್ಕೇನಾಗಿದೆ? ಮುಖ ಇಲ್ಲದೆ ಇದ್ದೋನು ಒಳಗೆ ಮಲಗಿದಾನೆ."

ಅವಳು ಕೇಳಿಸಿಕೊಂಡು ಒಳಗೆ ಹೋದಳು. ಗಂಡನ ಕಾಲ ಬಳಿ ಕೂತು ಚಾದರದ ಅಂಚನ್ನು ಸುಮ್ಮನೆ ಸರಿಪಡಿಸಿದಳು. ಗಣಿಯ ಕಲ್ಲಿನ ಧೂಳು ಪುಪ್ಪುಸದಲ್ಲಿ ಕೂತು ಮೈಯನ್ನು ಹಿಂಡಿ ಹಾಕಿತ್ತು. ಗಟ್ಟಿಮುಟ್ಟಾಗಿದ್ದ ಮನುಷ್ಯ ಚಾದರದ ಕೆಳಗೆ ಇದ್ದಾನೋ ಇಲ್ಲವೋ ಎನ್ನುವ ಹಾಗೆ ಮಲಗಿದ್ದ.

ಕೊನೆಕೊನೆಗೆ ಒಂದು ಮಧ್ಯಾಹ್ನ, ಇದೇ ಕೋಣೆಯಲ್ಲಿ, ಅವಳು ಗಂಜಿ ಕುಡಿಸುತ್ತಿದ್ದಾಗ ಅವನು ಚಮಚವನ್ನು ಪಕ್ಕಕ್ಕೆ ಸರಿಸಿದ್ದ. ಕಿಟಕಿಯಾಚೆ ಕಪ್ಪೆ ಕಾಣುತ್ತಿತ್ತು.

"ಹೋಗಬಹುದಿತ್ತು ಕಣೇ."

"ಎಲ್ಲಿಗೆ?" ಎಂದಿದ್ದಳು, ಅರ್ಥವಾಗಿಯೂ ಆಗದವಳ ಹಾಗೆ.

"ಮೂಗಿನ ಕೆಳಗೆ ಇನ್ನೂ ಒಂದು ಗೇಣು ಬಾಕಿ ಇತ್ತು. ನಂಗೆ ಕಾಣಿಸ್ತಿತ್ತು. ಅದರ ಹಿಂದಿನ ಸಲ ನಡುನೀರಲ್ಲಿ ಗಾಡಿ ಒಂದು ಸಲ ತೇಲಿ, ಮತ್ತೆ ನೆಲ ಹಿಡಿದಿತ್ತು. ಯಾರಿಗೂ ಗೊತ್ತಾಗಲಿಲ್ಲ. ನಂಗೆ ಗೊತ್ತಾಯ್ತು." ಉಸಿರಿಗೆ ಕಾದು ಮತ್ತೆ ಹೇಳಿದ. "ಆಮೇಲೆ ಕ್ಲಚ್ಚಿನ ಮೇಲಿಂದ ಕಾಲು ಏಳಲೇ ಇಲ್ಲ. ಮೂಗು ಮುಳುಗುತ್ತೆ ಅಂದುಬಿಟ್ಟೆ. ಹೆದರಿಕೆ ಆಗ್ತಿದೆ ಅಂದಿದ್ರೆ ಅವನೇ ಓಡಿಸ್ಕೊಂಡು ಹೋಗ್ತಿದ್ನೋ ಏನೋ."

ಅವಳ ಕೈಯಲ್ಲಿ ಬಟ್ಟಲು ಹಾಗೇ ಇತ್ತು.

"ಇದನ್ನ ಯಾಕೆ ನಂಗೆ ಹೇಳಿದ್ರಿ? ನಾನಿದನ್ನ ಎಲ್ಲಿ ಇಟ್ಕೊಳ್ಳಲಿ?"

ಅವನು ಮುಖವನ್ನು ಕಿಟಕಿಯ ಕಡೆ ಹೊರಳಿಸಿದ. ಅವಳು ಗಂಜಿಯನ್ನು ಹಿತ್ತಿಲಲ್ಲಿ ಚೆಲ್ಲಿ, ಬಟ್ಟಲನ್ನು ಬಹಳ ಹೊತ್ತು ತಿಕ್ಕಿದ್ದಳು. ಆ ಎಲೆಬಳ್ಳಿ ಹಾಕಿದವಳು ಅವಳ ಗೆಳತಿ.

*

ಅಂಗಳ ಒಮ್ಮೆಲೇ ಮೌನವಾದದ್ದು ಅವಳಿಗೆ ಒಳಗಿದ್ದೇ ಗೊತ್ತಾಯಿತು. ಹೊರಗೆ ಬಂದು ನೋಡಿದಳು. ಗೇಟಿನಲ್ಲಿ ದರ್ಜಿ ನಿಂತಿದ್ದ. ತಲೆ ಪೂರ್ತಿ ನೆರೆತಿತ್ತು. ಅಂಗಡಿಯಿಂದ ಎದ್ದು ಬಂದವನಂತೆ ಕೊರಳಲ್ಲಿ ಟೇಪು ನೇತಾಡುತ್ತಿತ್ತು. ಅವನು ಮನೆಯ ಕಡೆ ನೋಡಲಿಲ್ಲ. ನೇರ ಗಾಡಿಯ ಹತ್ತಿರ ನಡೆದ.

ಅವಳ ತಮ್ಮ ಅಡ್ಡ ಬಂದ. "ಇವತ್ತೊಂದಿನ ಬೇಡ. ಏನಿದ್ರೂ ಆಮೇಲೆ."

"ಜಗಳಕ್ಕೆ ಬಂದಿಲ್ಲಪ್ಪ." ದರ್ಜಿ ಅವಳ ಕಡೆ ತಿರುಗಿದ. ಇಷ್ಟು ವರ್ಷಗಳ ಮೇಲೆ ಅವಳೊಡನೆ ಆಡಿದ ಮೊದಲ ಮಾತು. "ಅತ್ತಿಗೆ, ಒಂದು ಸಲ ಅಳೆದುಬಿಡ್ತೀನಿ. ಅವನಿದ್ದಾಗ ಈ ಗೇಟಿನೊಳಗೆ ಕಾಲಿಡೋಕೆ ಆಗಲಿಲ್ಲ. ನಾಳೆ ಇದನ್ನ ಯಾರಾದ್ರೂ ತಗೊಂಡು ಹೋದ್ರೆ ನಂಗೆ ಯಾವತ್ತೂ ಗೊತ್ತಾಗಲ್ಲ."

"ಹೆಣ ಇನ್ನೂ ಒಳಗಿದೆ, ಇವನೇನು ಅಳತೆ ತೆಗೀತಾನಂತೆ," ಎಂದ ತಮ್ಮ.

"ಅಳೀಲಿ ಬಿಡು," ಎಂದಳು ಅವಳು. ಬೇಡ ಎಂದಿದ್ದರೆ ಊರು ಅದನ್ನೇ ಉತ್ತರವೆಂದುಕೊಳ್ಳುತ್ತಿತ್ತು.

ದರ್ಜಿ ಟೇಪು ತೆಗೆದ. ಎರಡು ಟೇಪುಗಳನ್ನು ತುದಿಗೆ ತುದಿ ಸೇರಿಸಿ ಹೊಲಿದಿದ್ದ. ಒಂದು ಕಡೆ ಕೆಂಪು ದಾರದ ಗುರುತು. "ಅವತ್ತು ಇವನು ಆಗಲ್ಲ ಅಂದಾಗ ದೀಪದ ಕಂಬದಲ್ಲಿ ನೀರು ನೆಲದಿಂದ ಇಷ್ಟಿತ್ತು, ಆ ಪಟ್ಟಿವರೆಗೆ," ಎಂದು ಸುತ್ತಲಿನವರಿಗೆ ತೋರಿಸಿದ. "ಕಂಬ ಇನ್ನೂ ಅಲ್ಲೇ ಇದೆ. ಯಾರು ಬೇಕಾದ್ರೂ ಹೋಗಿ ನೋಡಬಹುದು."

ಗಂಡಸರು ಗಾಡಿಯ ಸುತ್ತ ಸೇರಿದರು.

ಅವನು ಮುಂದಿನ ಚಕ್ರದ ಬಳಿ ಮಂಡಿಯೂರಿ, ಎತ್ತರಕ್ಕೆ ಬೆಳೆದ ಹುಲ್ಲನ್ನು ಎರಡು ಕೈಯಿಂದ ಸರಿಸಿ, ಟೇಪಿನ ತಗಡಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದ. ಕ್ಷೌರದಂಗಡಿಯವ ಇನ್ನೊಂದು ತುದಿಯನ್ನು ಬಿಗಿಯಾಗಿ ಮೇಲಕ್ಕೆಳೆದ. ಕೆಂಪು ದಾರ ಕೊಳವೆಯ ಬಾಯಿಯನ್ನು ದಾಟಿ ಅದರ ಮೇಲೆ ಹೋಗಿ ನಿಂತಿತು.

"ಮುಳುಗ್ತಿತ್ತು," ಎಂದ ಕ್ಷೌರದಂಗಡಿಯವ. ಅವನ ದನಿಯೇ ಸಣ್ಣದಾಗಿತ್ತು. "ನಾಲ್ಕು ಬೆರಳು ಮೇಲಿದೆ. ನೀರು ಒಳಗೆ ಹೋಗಿ ಗಾಡಿ ಅಲ್ಲೇ ನಿಲ್ತಿತ್ತು."

"ಸರಿಯಾಗಿ ಹಿಡಿ."

"ಸರಿಯಾಗೇ ಹಿಡಿದಿದೀನಿ ಮಾರಾಯ. ನೀನೇ ಎದ್ದು ನೋಡು."

ದರ್ಜಿ ಏಳಲಿಲ್ಲ. ಟೇಪಿನ ತುದಿಯನ್ನು ನೆಲಕ್ಕೆ ಇನ್ನಷ್ಟು ಒತ್ತಿ ಹಿಡಿದ.

ಅವಳು ನೋಡುತ್ತಿದ್ದದ್ದು ಮೇಲೆ ಅಲ್ಲ, ಕೆಳಗೆ. ಟಯರುಗಳು ಗಾಳಿ ಹೋಗಿ ಎಂದೋ ಚಪ್ಪಟೆಯಾಗಿದ್ದವು. ಒಂದೊಂದು ಮಳೆಗಾಲಕ್ಕೂ ಆ ಭಾರ ಒಂದಿಷ್ಟಿಷ್ಟೇ ಇಳಿದು, ಈಗ ಚಕ್ರದ ಕೆಳಭಾಗವೆಲ್ಲ ಮಣ್ಣಿನೊಳಗಿತ್ತು, ಅದರ ಜೊತೆ ಮೂಗೂ ತಗ್ಗಿತ್ತು. ಹುಲ್ಲು ಸರಿದ ಕಡೆ, ಚಕ್ರದ ನಡುವಿನ ತುಕ್ಕು ಹಿಡಿದ ಬೋಲ್ಟುಗಳ ಬಳೆ ಅರ್ಧ ಮೇಲೆ, ಅರ್ಧ ನೆಲದೊಳಗೆ ಕಾಣುತ್ತಿತ್ತು.

ಬಡಗಿಯೂ ಬಗ್ಗಿ ಅದನ್ನೇ ನೋಡುತ್ತಿದ್ದ. ಅವನ ಹಣೆ ಗಂಟಿಕ್ಕಿತು. "ಅಲ್ಲ, ಈ ಚಕ್ರ..."

"ಬಡಗಿಯವರೇ," ಎಂದಳು ಅವಳು. "ಆ ಬಾಗಿಲನ್ನ ಇವತ್ತೇ ಕೂರಿಸ್ತೀರೋ, ನಾಳೆ ಬರ್ತೀರೋ?"

ಬಡಗಿ ತಲೆ ಎತ್ತಿ ಅವಳನ್ನು ನೋಡಿದ. ಅವಳು ಕಣ್ಣು ತೆಗೆಯಲಿಲ್ಲ. ಅವನು ನಿಧಾನವಾಗಿ ನೆಟ್ಟಗಾಗಿ ಕೈಯ ಧೂಳು ಕೊಡವಿಕೊಂಡ.

"ಇವತ್ತೇ ಕೂರಿಸ್ತೀನಮ್ಮ. ಬಾಗಿಲಿಲ್ಲದೆ ಹೇಗೆ ಇರ್ತೀರಿ."

ದರ್ಜಿ ಎದ್ದು ಮನೆಯೊಳಗೆ ಹೋದ. ಗೆಳೆಯನ ಕಾಲ ಬಳಿ ಕುಸಿದು ಕೂತು ಚಾದರದ ಮೇಲೆ ಹಣೆ ಇಟ್ಟ. "ಬಂದು ಅಳೆದು ನೋಡೋ ಅಂತ ಒಂದು ಮಾತು ಅಂದಿದ್ರೆ ಏನಾಗ್ತಿತ್ತೋ ನಿಂಗೆ," ಎಂದ. "ಇಷ್ಟು ವರ್ಷ ಬೈಸ್ಕೊಂಡೇ ಇದ್ಯಲ್ಲೋ." ಮುಂದಿನ ಮಾತುಗಳು ಅಳುವಿನಲ್ಲಿ ಹೂತುಹೋದವು. ಹೊರಗೆ ಇಷ್ಟು ದಿನ ಆಡಿಕೊಂಡವರೆಲ್ಲ ತಮ್ಮ ತಮ್ಮ ಪಾದ ನೋಡುತ್ತಿದ್ದರು. ನಾನು ಮೊದಲೇ ಹೇಳಿರಲಿಲ್ಲವಾ ಎಂದು ಒಬ್ಬ ಶುರುಮಾಡಿದ. ಯಾರೂ ಅವನಿಗೆ ಹೂಂಗುಟ್ಟಲಿಲ್ಲ.

ಅವಳು ಗೋಡೆಗೆ ಒರಗಿ ನಿಂತಿದ್ದಳು. ಈಗ ಹೇಳಬಹುದಿತ್ತು. ಮಾಡಿನ ಮೇಲೆ ಸೆರಗು ಹೊದ್ದು ಕೂತವಳೊಬ್ಬಳು, ಗಾಡಿ ಬರುವ ದಾರಿಯನ್ನೇ ನೋಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಇವಳು ಮುಖ ಆಚೆ ತಿರುಗಿಸಿಕೊಂಡಳು.

ಪೆಟ್ಟಿಗೆ ಎತ್ತುವಾಗ ದರ್ಜಿ ತಾನೇ ಮುಂದೆ ಬಂದು ಹೆಗಲು ಕೊಟ್ಟ. ತಮ್ಮ ಬೇಡವೆನ್ನಲಿಲ್ಲ. ಬಾಗಿಲ ಚೌಕಟ್ಟಿನಿಂದ ಪೆಟ್ಟಿಗೆ ಸಲೀಸಾಗಿ ಹೊರಬಂತು.

"ಅಕ್ಕ, ಬಾ," ಎಂದ ತಮ್ಮ.

"ನೀವು ನಡೀತಾ ಇರಿ. ಬಂದೆ."

ಕೊನೆಯವನೂ ಗೇಟು ದಾಟುವ ತನಕ ಕಾದು, ಅವಳು ಗಾಡಿಯ ಹತ್ತಿರ ಹೋಗಿ ಕೂತಳು. ದರ್ಜಿಯ ಮಂಡಿ ಒತ್ತಿ ಆದ ಎರಡು ಗುಳಿಗಳು ಹಾಗೇ ಇದ್ದವು. ಸುತ್ತಲಿನ ಮಣ್ಣನ್ನು ಬೆರಳಿನಿಂದ ಕೆದಕಿ, ಬೋಲ್ಟುಗಳ ಬಳೆ ಮುಚ್ಚುವಷ್ಟು ರಾಶಿ ಹಾಕಿ, ಅಂಗೈಯಿಂದ ತಟ್ಟಿ ಸಮ ಮಾಡಿದಳು. ಹುಲ್ಲನ್ನು ಮತ್ತೆ ಅದರ ಮೇಲೆ ಎಳೆದಳು. ಎದ್ದು ಬೇಗ ಬೇಗ ನಡೆದು ಅವರನ್ನು ಸೇರಿಕೊಂಡಳು.

ಸ್ಮಶಾನದಲ್ಲಿ ಪೆಟ್ಟಿಗೆ ಗುಂಡಿಗೆ ಇಳಿಯಿತು. ಮೊದಲ ಹಿಡಿ ಮಣ್ಣು ಹೆಂಡತಿಯದು ಎಂದು ಎಲ್ಲರೂ ಸರಿದು ದಾರಿ ಬಿಟ್ಟರು. ಅವಳು ಗುಂಡಿಯ ಅಂಚಿಗೆ ಬಂದಳು. ಪಕ್ಕದಲ್ಲಿ ನಿಂತಿದ್ದ ದರ್ಜಿ ಅವಳ ಕೈಗಳನ್ನು ನೋಡಿದ. ಮಣಿಕಟ್ಟಿನವರೆಗೂ ಮಣ್ಣಾಗಿತ್ತು, ಉಗುರುಗಳ ಸಂದಿಯಲ್ಲೆಲ್ಲ ಹಸಿಮಣ್ಣು ತುಂಬಿತ್ತು.

"ಅತ್ತಿಗೆ, ನೀವಾಗ್ಲೇ ಮಣ್ಣು ಹಾಕಿದ್ರಾ?" ಎಂದು ಮೆಲ್ಲಗೆ ಕೇಳಿದ.