ಪುಟ್ಟಲಿಂಗಯ್ಯನ ಬಾಕಿ

ಹಾಲುಕ್ಕಿಸಿ ವರ್ಷ ತುಂಬುವುದರೊಳಗೆ ಕುಸುಮಳ ಮನೆ ಮುಂದೆ ಪಂಚಾಯ್ತಿಯವರು ತಮಟೆ ಬಡಿಸಿದರು. ಬಿಡದಿಯ ಸುತ್ತ ಕಾರ್ಖಾನೆ ಬಂದ ಮೇಲೆ ಮನೆಗಳು ಕೈ ಬದಲಾದವು, ಕಂದಾಯ ಮಾತ್ರ ಯಾರೂ ಕಟ್ಟುತ್ತಿರಲಿಲ್ಲ. ಬಾಗಿಲಲ್ಲಿ ತಮಟೆ ಬಡಿಸಿ ಹೆಸರು ಕೂಗಿದರೆ ನಾಚಿಕೆಗಾದರೂ ಕಟ್ಟುತ್ತಾರೆಂದು ಪಂಚಾಯ್ತಿಯ ಎಣಿಕೆ.

ಬಿಲ್ ಕಲೆಕ್ಟರ್ ಹುಚ್ಚಯ್ಯ ಕೂಗಿದ್ದು ಪುಟ್ಟಲಿಂಗಯ್ಯನ ಹೆಸರನ್ನು. ಮನೆ ಮಾರಿದವನು ಅವನು. ಕೋಡಿಹಳ್ಳಿ ಕಡೆಯ ಕುಸುಮ, ಅವಳ ಗಂಡ ಮುತ್ತುರಾಜು ಕೊಳ್ಳುವಾಗ ನೀರು, ವಾಸ್ತು, ನೆರೆಯವರ ಗುಣ ಎಲ್ಲ ವಿಚಾರಿಸಿದ್ದರು. ಕಂದಾಯದ ಬಾಕಿ ಕೇಳಬೇಕೆಂದು ಹೊಳೆದಿರಲಿಲ್ಲ. ರಿಜಿಸ್ಟರ್ ಕುಸುಮಳ ಹೆಸರಿಗಾಗಿತ್ತು. ಪಂಚಾಯ್ತಿಯ ಖಾತೆ ಹಳಬನ ಹೆಸರಲ್ಲೇ ಕೂತಿತ್ತು.

ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ ಮುತ್ತುರಾಜು ಎದ್ದು ಬಂದು, ಕೂಗಿದ್ದು ನಮ್ಮ ಹೆಸರಲ್ಲವಲ್ಲ, ಸುಮ್ಮನಿರು ಎಂದ. ಕುಸುಮಳಿಗೆ ಉರಿದದ್ದೇ ಅದಕ್ಕೆ. ಕತ್ತಿನ ಸರ ಮಾರಿ ಕೊಂಡ ಮನೆ ಬೀದಿಯವರ ಮುಂದೆ ಇನ್ನೊಬ್ಬನದಾಗಿತ್ತು.

"ಮನೆ ನಂದು. ಕೂಗೋದಾದ್ರೆ ನನ್ ಹೆಸ್ರು ಕೂಗಿ."

"ಪುಸ್ತಕದಲ್ಲಿರೋದ್ನೇ ಕಣವ್ವ ನಾನು ಕೂಗೋದು," ಎಂದ ಹುಚ್ಚಯ್ಯ. "ಹಳೇ ಬಾಕಿ ತೀರ್ಸಿ ಖಾತೆ ಮಾಡಿಸ್ಕೊ. ಆಮೇಲೆ ನೀನು ಬಾಕಿ ಉಳಿಸ್ಕೊಂಡ್ರೆ ನಿನ್ನೇ ಕೂಗ್ತೀನಿ."

ಅಷ್ಟರಲ್ಲಿ ಪುಟ್ಟಲಿಂಗಯ್ಯ ಹೊಸ ಬೈಕಿನಲ್ಲಿ ಬಂದಿಳಿದ. ತಮಟೆಯ ಕೂಗು ಕೇಳಿ ಟೀ ಅಂಗಡಿಯಲ್ಲಿ ಗೆಳೆಯರು, "ಏನ್ಲಾ, ಮನೆ ಮಾರ್ಬುಟ್ಟು ಹೆಸ್ರು ಅಲ್ಲೇ ಬುಟ್ಬಂದಿದ್ದೀಯಾ?" ಎಂದು ಮಾನ ಕಳೆದಿದ್ದರು. ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ವಾರ ಬೇರೆ. ಆದರೂ ಅವನು, ಇರುವವರು ಕಟ್ಟಬೇಕು, ಮಾರಿದವನಿಗೇನು ಎಂದು ವಾದ ಹೂಡಿದ.

ಕುಸುಮ ದನಿ ಏರಿಸಲಿಲ್ಲ. "ನೀವಿದ್ದಷ್ಟು ದಿನದ್ದು ನೀವು ಕಟ್ಟಿ, ನಾವಿರೋದು ನಾವು ಕಟ್ತೀವಿ. ಇಲ್ದಿದ್ರೆ ದಿನಾ ಬಡೀಲಿ ಬುಡಿ. ಹೆಸ್ರು ನಿಮ್ದು, ನಮ್ಗೇನು?"

ನೆರೆದವರು ನಕ್ಕರು. ಪುಟ್ಟಲಿಂಗಯ್ಯ ತಮಟೆಯವನ ಕಡೆ ನೋಡಿದ, ಗೊಣಗುತ್ತಾ ಜೇಬಿಗೆ ಕೈ ಹಾಕಿದ. ಕುಸುಮ ತನ್ನ ಪಾಲು ಕೊಟ್ಟು ರಸೀದಿ ಪಡೆದಳು.

ಖಾತೆ ಬದಲಿಸಬೇಕಾದರೆ ಅಳತೆ ಆಗಬೇಕೆಂದು ಹುಚ್ಚಯ್ಯ ಟೇಪು ಹಿಡಿದು ಒಳಗೆ ಬಂದ. ಹಿತ್ತಲಲ್ಲಿ ಹೊಸದಾಗಿ ಶೀಟು ಹೊದಿಸಿದ ಬಚ್ಚಲುಮನೆಯಿತ್ತು. ಬರೆಸಿದರೆ ಕಂದಾಯ ಏರುತ್ತದೆಂದು ಮುತ್ತುರಾಜು ಹಿಂಬಾಗಿಲಿಗೆ ಅಡ್ಡ ನಿಂತ.

ಹಿಂದೆ ಇನ್ನೇನಾದರೂ ಇದೆಯೇ ಎಂದು ಹುಚ್ಚಯ್ಯ ಕೇಳಿದ. ಮುತ್ತುರಾಜು ಇಲ್ಲವೆಂದು ತಲೆಯಾಡಿಸುತ್ತಿದ್ದಂತೆ ಕುಸುಮ ಅವನನ್ನು ಪಕ್ಕಕ್ಕೆ ಸರಿಸಿ ಬಾಗಿಲು ತೆಗೆದಳು.

"ಬಚ್ಚಲು ಐತೆ. ನಾವೇ ಕಟ್ಸಿದ್ದು. ಅದನ್ನೂ ನನ್ ಹೆಸ್ರಿಗೇ ಬರ್ಕಳಿ."

ಮುತ್ತುರಾಜು ಹಣೆ ಚಚ್ಚಿಕೊಂಡು ಮಲಗಲು ಹೋದ. ಅವಳು ಟೇಪಿನ ಇನ್ನೊಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿದಳು.