ಕಪಾಟು ಖಾಲಿಯಾದ ಸೋಮವಾರ

ಮಾಜಾಳಿಯಿಂದ ಗಡಿಯಾಚೆ ಗೋವೆಯ ಮಡಗಾಂವಿಗೆ ಕೆಲಸಕ್ಕೆ ಹೋಗುವವನ ದಿನದ ಖರ್ಚು ಹೀಗಿತ್ತು: ಹೋಗಿಬರುವ ಬಸ್ಸಿಗೆ ಐವತ್ತು ರೂಪಾಯಿ, ಮಧ್ಯಾಹ್ನದ ಮೀನೂಟಕ್ಕೆ ಇಪ್ಪತ್ತು, ಚಹಾ ಮತ್ತು ಪಾವಿಗೆ ಎಂಟು. ಕೂಲಿ ನೂರಾ ಅರವತ್ತು. ಉಳಿದದ್ದರಲ್ಲಿ ಮನೆ ನಡೆಯಬೇಕು. ಈ ಲೆಕ್ಕ ಮಾಜಾಳಿಯ ಆ ಕಡಲಂಚಿನ ಕೇರಿಯ, ಅಂದರೆ ವಾಡೆಯ, ಮಕ್ಕಳಿಗೂ ಬಾಯಿಪಾಠ. ಆದರೆ ದಿನಾ ಬಸ್ಸಿನಲ್ಲಿ ಕಳೆಯುವ ನಾಲ್ಕು ತಾಸನ್ನು ಯಾರೂ ಖರ್ಚಿಗೆ ಹಿಡಿದಿರಲಿಲ್ಲ. ಹಿಡಿದವಳು ವೈಜಯಂತಿ ಒಬ್ಬಳೇ.

ಅವಳು ವಾಡೆಯ ಶಾಖಾ ಗ್ರಂಥಾಲಯದ ಕೆಲಸದವಳು. ಕಡಲಿಗೆ ಬೆನ್ನು ಹಾಕಿದ ಒಂದು ಕೋಣೆ, ಮೂರು ಕಪಾಟು, ಒಂದು ಬೆಂಚು. ತೆರೆದಿರುವ ಹೊತ್ತು ಸಂಜೆ ನಾಲ್ಕರಿಂದ ಏಳು. ಆ ಹೊತ್ತಿಗೆ ಗಂಡಸರು ಇನ್ನೂ ಗೋವೆಯಲ್ಲಿ, ಹೆಂಗಸರು ಮೀನುಪೇಟೆಯಲ್ಲಿ. ಮೊದಲೆಲ್ಲ ಅವಳು ಬಾಗಿಲು ತೆಗೆದು, ಗೆದ್ದಲು ಬಂದಿದೆಯೋ ನೋಡಿ, ತಾನೇ ಒಂದು ಪುಸ್ತಕ ಹಿಡಿದು ಕೂತು, ಬಾಗಿಲು ಹಾಕಿ ಮನೆಗೆ ಬರುತ್ತಿದ್ದಳು. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮನೆಯಲ್ಲಿ ಕೇಳಲು ಗಂಡ ದೇವಾನಂದ ಇದ್ದ. ಅವನೋ ಕಥೆ ಅರ್ಧಕ್ಕೆ ಬರುವುದರೊಳಗೆ ಗೊರಕೆ ಹೊಡೆಯುವವ.

2005ರ ಮಳೆಗಾಲ ಮುಗಿದದ್ದೇ ತಡ, ಅವಳು ಕೈಚೀಲಕ್ಕೆ ಪುಸ್ತಕ ತುಂಬಿಕೊಂಡು ಬೆಳಗಿನ ಆರರ ಬಸ್ಸಿಗೆ ಜನ ಕೂಡುವಲ್ಲಿ ಹೋಗಿ ನಿಂತಳು. ಓದಿರಿ ಎಂದು ಯಾರಿಗೂ ಉಪದೇಶ ಮಾಡಲಿಲ್ಲ. ಸುಮ್ಮನೆ ಕಥೆ ಹೇಳತೊಡಗಿದಳು. ಮುಂದೇನು ಎಂದು ಎಲ್ಲರೂ ಕಿವಿಗೊಡುವ ಘಟ್ಟಕ್ಕೆ ಕಥೆ ಬರುವಾಗ ಬಸ್ಸೂ ಬರಬೇಕು, ಅಷ್ಟು ಅಳತೆ ಅವಳಿಗೆ ಬೇಗನೆ ಕೈಹತ್ತಿತು.

"ಮುಂದೆ ಎಂತಾಯ್ತು ಅಕ್ಕೋರೆ? ಅವಳು ಬಾವಿಗೆ ಹಾರಿದ್ಳಾ?" ಎಂದು ಔಷಧಿ ಕಾರಖಾನೆಯಲ್ಲಿ ಪೆಟ್ಟಿಗೆ ಕಟ್ಟುವ ರೂಪೇಶ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೇಳಿದ.

"ನಂಗೆ ಬಾಯಿ ನೋಯ್ತದೆ. ಈ ಪುಸ್ತಕದಲ್ಲಿ ಅದೆ, ನೋಡ್ಕೋ."

"ಶಾಲೆ ಬಿಟ್ಟ ಮೇಲೆ ನಾನು ಓದಿದ್ದು ಬಸ್ಸಿನ ಬೋರ್ಡು ಮಾತ್ರ!"

"ಇದು ಅದಕ್ಕಿಂತ ಸಸಾರ. ಬೋರ್ಡಿನ ಹಾಗೆ ಓಡಿ ಹೋಗೂದಿಲ್ಲ, ಕೈಯಾಗೇ ಇರ್ತದೆ."

ಚಳಿಗಾಲ ಕಳೆಯುವಷ್ಟರಲ್ಲಿ ಬಸ್ಸಿನ ಅರ್ಧ ಜನ ತಲೆ ಬಗ್ಗಿಸಿ ಓದುತ್ತಿದ್ದರು.

ಮರಳಿ ಬರುವ ಬಸ್ಸನ್ನು ಗಡಿಯ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ಚೀಲ ತಡವುವುದು ರೂಢಿ. ಗೋವೆಯ ಅಗ್ಗದ ಬಾಟಲಿ ತರುವವರಿಗೆ ಕೊರತೆಯಿರಲಿಲ್ಲ. ಜೋಪಾನವಾಗಿ ತರಬೇಕಾದ್ದು ಏನೇ ಇರಲಿ, ವಾಡೆಯವರಿಗೆ ಗೊತ್ತಿದ್ದ ರೀತಿ ಒಂದೇ: ಪೇಪರಿನಲ್ಲಿ ಸುತ್ತಿ, ಮೇಲೆ ಲುಂಗಿ ಸುತ್ತಿ, ಚೀಲದ ತಳಕ್ಕೆ ತುರುಕುವುದು. ರೂಪೇಶ ಪುಸ್ತಕವನ್ನೂ ಹಾಗೇ ಸುತ್ತಿಟ್ಟಿದ್ದ. ಅಂಕೋಲಾ ಕಡೆಯಿಂದ ಹೊಸದಾಗಿ ಬಂದ ಅಬಕಾರಿ ಗಾರ್ಡ್ ಜಟ್ಟಪ್ಪನ ಕೈಗೆ ಗಂಟು ತಾಗಿತು. ಅವನು ಖುಷಿಯಿಂದ ಬಿಚ್ಚಿದರೆ ಒಳಗೆ ದಪ್ಪ ಕಾದಂಬರಿ, ಮೊದಲ ಪುಟದಲ್ಲಿ ಸರ್ಕಾರಿ ಗ್ರಂಥಾಲಯದ ಮೊಹರು.

"ಮುಚ್ಚಳ ತೆಗೆದು ಮೂಸಿ ನೋಡಿ ಸಾಹೇಬ್ರೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಬಸ್ಸು ನಕ್ಕಿತು.

ನಗಬಾರದಿತ್ತು. ಹೊಸಬನ ಮುಖ ಕೆಂಪಾಯಿತು. ಸರ್ಕಾರಿ ಮಾಲು ರಾಜ್ಯದ ಗಡಿ ದಾಟಿ ಹೋಗಿಬರುತ್ತಿದೆ ಎಂದು ಅವನು ಗ್ರಂಥಾಲಯ ಇಲಾಖೆಗೆ ವರದಿ ಬರೆದು ಕಳಿಸಿದ; ಪುಸ್ತಕವನ್ನು ತನ್ನಲ್ಲೇ ಇಟ್ಟುಕೊಂಡ.

ಎರಡು ದಿನ ಬಿಟ್ಟು ವೈಜಯಂತಿ ಚೆಕ್‌ಪೋಸ್ಟಿಗೆ ನಡೆದಳು.

"ನಮ್ಮ ಪುಸ್ತಕ ಕೊಡಿ."

ಜಟ್ಟಪ್ಪ ಅದನ್ನು ತೊಡೆಯ ಮೇಲಿಂದ ಎತ್ತಿದ. ಕೊನೆಯ ಪುಟಗಳ ಕಡೆ ಒಂದು ಬೆಂಕಿಕಡ್ಡಿ ಗುರುತಿಗೆ ಸಿಕ್ಕಿಸಿದ್ದ. "ಅಕ್ಕೋರೆ, ಇನ್ನು ಸ್ವಲ್ಪವೇ ಉಳಿದದೆ."

"ಜಪ್ತಿ ಮಾಡಿದ ಮಾಲನ್ನ ಓದೂಕೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ರಾ. ಸುಮ್ಮನೆ ತೆರೆದು ನೋಡಿದೆ, ಬಿಡ್ಲಿಲ್ಲ ಅದು."

"ಹಂಗಾರೆ ಆ ವರದಿ ಹರಿದು ಹಾಕಿ."

"ಅದು ಕಾರವಾರ ಮುಟ್ಟಿ ಆಯ್ತು." ಜಟ್ಟಪ್ಪ ತಲೆ ತಗ್ಗಿಸಿದ. "ಓದೂಕೆ ಶುರು ಮಾಡಿದ್ದು ಆಮೇಲೆ."

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. "ಮುಗಿಸಿ ಕೊಡಿ. ಹದಿನೈದು ದಿನ ದಾಟಿದ್ರೆ ದಂಡ. ಗಾರ್ಡ್ ಅಂತ ಬಿಡೂದಿಲ್ಲ" ಎಂದು ಹೇಳಿ ಬಂದಳು.

ಮುಂದಿನ ವಾರ ಕಾರವಾರದಿಂದ ಗ್ರಂಥಾಲಯ ಇಲಾಖೆಯ ಅಧಿಕಾರಿ ಗುರುಪ್ರಸಾದ ಜೀಪಿನಲ್ಲಿ ಬಂದರು. ಕೆಟ್ಟ ಮನುಷ್ಯರಲ್ಲ, ಫೈಲಿಗೆ ಹೆದರುವವರು. ಓದುಗರಿಲ್ಲದ ಈ ಶಾಖೆಯನ್ನು ಮುಚ್ಚಬೇಕೆಂಬ ಫೈಲು ಅವರ ಮೇಜಿನ ಮೇಲೆ ಮೊದಲೇ ಇತ್ತು. ಈಗ ಅದರ ಮೇಲೆ ಜಟ್ಟಪ್ಪನ ವರದಿಯೂ ಬಂದು ಕೂತಿತ್ತು.

"ಇಲ್ಲಿಗೆ ಓದುಗರು ಬರೋದಿಲ್ಲ, ಪುಸ್ತಕ ಮಾತ್ರ ಗೋವಾಕ್ಕೆ ಹೋಗ್ತದೆ. ನಾನು ಮೇಲಿನವರಿಗೆ ಏನಂತ ಬರೀಲಿ?"

"ಬೆಳಿಗ್ಗೆ ಆರಕ್ಕೆ ಬನ್ನಿ ಸರ್, ಓದುಗರನ್ನ ತೋರಿಸ್ತೆ."

"ಗ್ರಂಥಾಲಯ ಅಂದ್ರೆ ಕೋಣೆ, ವೈಜಯಂತಿಯವರೇ. ಬಸ್‌ಸ್ಟಾಪ್ ಅಲ್ಲ."

"ನಮ್ಮ ಮೀನು ಗಡಿ ದಾಟ್ತದೆ, ಮರಳು ದಾಟ್ತದೆ, ಗಂಡಸರು ದಿನಾ ದಾಟ್ತಾರೆ. ಅದಕ್ಕೆ ಯಾರೂ ವರದಿ ಬರೀಲಿಲ್ಲ. ಪುಸ್ತಕ ದಾಟಿದ್ದೇ ದೊಡ್ಡದಾಯ್ತಾ?"

ಗುರುಪ್ರಸಾದರು ಒಂದು ಕಾಗದ ಮುಂದಿಟ್ಟರು. ಕೋಣೆಯ ಹೊರಗೆ ಪುಸ್ತಕ ಕೊಡುವುದಿಲ್ಲ ಎಂಬ ಮುಚ್ಚಳಿಕೆ. ಅದಕ್ಕೆ ಸಹಿ ಹಾಕಿದರೆ ಮುಚ್ಚುವ ಮಾತನ್ನು ಸದ್ಯಕ್ಕೆ ಬದಿಗಿಡುತ್ತೇನೆ ಎಂದರು. ಇಲ್ಲದಿದ್ದರೆ ಸೋಮವಾರ ಬಂದು ಕಪಾಟಿನಲ್ಲಿರುವಷ್ಟು ಪುಸ್ತಕವನ್ನೂ ಕಾರವಾರಕ್ಕೆ ಒಯ್ಯುವುದು.

ಸಹಿ ಹಾಕಿದರೆ ಕೆಲಸ ಉಳಿಯುತ್ತದೆ, ಕೋಣೆ ಉಳಿಯುತ್ತದೆ. ಬಸ್ಸಿನವರು ಮತ್ತೆ ಕಿಟಕಿಗೆ ತಲೆ ಒರಗಿಸಿ ಬಾಯಿ ತೆರೆದು ಮಲಗುತ್ತಾರೆ. ಅವಳು ಕಾಗದವನ್ನು ಹಾಗೇ ಹಿಂದೆ ತಳ್ಳಿದಳು.

"ಬರೆದುಕೊಡು ಗೋ. ಸರ್ಕಾರದವರನ್ನ ಎದುರು ಹಾಕ್ಕೊಂಡು ನಮಗೆಂತ ಆಗ್ಬೇಕು?" ಎಂದ ದೇವಾನಂದ, ಊಟಕ್ಕೆ ಕೂತಾಗ.

"ಕಪಾಟಿನಲ್ಲಿರುವಷ್ಟು ಒಯ್ತೆ ಅಂದ್ರು ಅಲ್ಲಾ ಅವರು?"

"ಹೌದು."

"ಕಪಾಟಿನಲ್ಲಿ ಎಂತದೂ ಇಲ್ದೇ ಹೋದ್ರೆ?"

ದೇವಾನಂದನಿಗೆ ಅಂದು ಅವಳ ಮಾತಿನ ನಡುವೆ ನಿದ್ದೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಅವರಿಬ್ಬರೂ ಮೀನು ಸಾಗಿಸುವ ಕೈಗಾಡಿಯನ್ನು ತೊಳೆದು, ಗೋಣಿ ಹಾಸಿ, ಮೂರೂ ಕಪಾಟಿನ ಪುಸ್ತಕಗಳನ್ನು ಬಸ್ಸಿನ ಜಾಗಕ್ಕೆ ತಳ್ಳಿಕೊಂಡು ಬಂದರು. ಸದಸ್ಯರಲ್ಲದವರಿಗೆ ರೂಪೇಶ ಅಲ್ಲೇ ಸದಸ್ಯತ್ವದ ರಸೀದಿ ಹರಿದುಕೊಟ್ಟ. ಒಂದು ಬಸ್ಸು ಹೋಯಿತು, ಇನ್ನೊಂದು ಬಂತು.

"ಇದು ಬಸ್ಸಾ, ಲಗೇಜ್ ಗಾಡಿಯಾ?" ಎಂದು ಕಂಡಕ್ಟರ್ ರೇಗಿದ.

"ಬೈಬೇಡಿ, ನಿಮಗೂ ಒಂದು ಇಟ್ಟಿದ್ದೆ. ಪತ್ತೇದಾರಿ."

ಕಂಡಕ್ಟರ್ ಅದನ್ನು ತಿರುಗಿಸಿ ನೋಡಿ, ಚೀಲಕ್ಕೆ ಹಾಕಿಕೊಂಡು ಸೀಟಿ ಊದಿದ.

ಮೀನು ಮಾರಲು ಗೋವೆಯ ಕಾಣಕೋಣಕ್ಕೆ ಹೊರಟಿದ್ದ ಹೀರಾ ಬುಟ್ಟಿ ಇಳಿಸಿ ನಿಂತಳು. "ನಂಗೆ ಅಕ್ಷರ ಬರೂದಿಲ್ಲ ಗೋ."

"ನಿನ್ನ ಮಗಳಿಗೆ ಬರ್ತದೆ. ಅವಳ ಹತ್ರ ಓದಿಸಿ ಕೇಳು. ಕೇಳದೆ ತಂದುಕೊಟ್ರೆ ನಂಗೆ ಗೊತ್ತಾಗ್ತದೆ."

"ಹಂಗಾರೆ ಎರಡು ಕೊಡು. ಹೆದರಬೇಡ, ಬಂಗಡೆ ಮೇಲೆ ಇಡೂದಿಲ್ಲ. ಸೆರಗಿನಾಗೆ ಕಟ್ಕಂತೆ."

ಹನ್ನೊಂದರ ಹೊತ್ತಿಗೆ ಜೀಪು ಬಂದಾಗ ಕಪಾಟುಗಳಲ್ಲಿ ನುಸಿಗುಳಿಗೆ ಬಿಟ್ಟರೆ ಬೇರೇನೂ ಇರಲಿಲ್ಲ. ಗುರುಪ್ರಸಾದರು ಮೂರನ್ನೂ ತೆರೆದು ನೋಡಿ, ರಿಜಿಸ್ಟರಿನಲ್ಲಿ ಪುಸ್ತಕ ಪಡೆದವರ ಹೆಸರುಗಳ ಮೇಲೆ ಕಣ್ಣು ಓಡಿಸಿದರು. ಒಂದು ಹೆಸರಿಗೆ ಬೆರಳು ನಿಂತಿತು.

"ಈ ಜಟ್ಟಪ್ಪ, ವರದಿ ಬರೆದವನಲ್ವಾ?"

"ಹೌದು. ಬೆಳಿಗ್ಗೆ ಪಾಳಿ ಮುಗಿಸಿ ಬಂದು ಹಳೇದು ಕೊಟ್ಟು ಹೊಸದು ಒಯ್ದ. ವರದಿ ಬರೆದವರಿಗೆ ಪುಸ್ತಕ ಕೊಡಬಾರದು ಅಂತ ನಿಯಮ ಅದೆಯಾ ಸರ್?"

"ಎಲ್ಲಾ ವಾಪಸ್ ತರಿಸಿ."

"ಹದಿನೈದು ದಿನದ ಅವಧಿ. ಅದು ನಿಮ್ಮದೇ ನಿಯಮ, ಬಾಗಿಲ ಮೇಲೆ ಅಂಟಿಸಿದೆ. ಓದುಗರಿಲ್ಲ ಅಂತ ಬರೆದಿದ್ರಿ. ಈಗ ಪುಸ್ತಕ ಉಳಿದಿಲ್ಲ ಅಂತ ಬರೀರಿ. ಬೇಕಾದ್ರೆ ಕಪಾಟು ಒಯ್ಯಿರಿ."

ಗುರುಪ್ರಸಾದರು ಬೆಂಚಿನ ಮೇಲೆ ಕೂತರು. "ಇದು ನಿಮ್ಮ ಮೇಲೆ ಬರ್ತದೆ. ನಾನು ತಡೆಯೋಕಾಗೋದಿಲ್ಲ."

"ಬರ್ಲಿ."

"ಈಗಲಾದರೂ ಸಹಿ ಮಾಡ್ತೀರಾ?"

"ಇಲ್ಲ ಸರ್. ಚಹಾ ಮಾಡಿಸ್ತೆ, ಕುಡಿದು ಹೋಗಿ."

ಕುಡಿದು ಹೋದರು. ಎಲ್ಲ ಪುಸ್ತಕವೂ ಓದುಗರ ಕೈಯಲ್ಲಿರುವಾಗ ಓದುಗರಿಲ್ಲ ಎಂದು ಯಾರೂ ಬರೆಯುವಂತಿರಲಿಲ್ಲ; ಮುಚ್ಚುವ ಫೈಲು ಅಲ್ಲಿಗೇ ನಿಂತಿತು. ಆದರೆ ಮಾತು ಕೇಳದವರನ್ನು ಸುಮ್ಮನೆ ಬಿಡುವ ಪದ್ಧತಿಯೂ ಇರಲಿಲ್ಲ. ತಿಂಗಳೊಳಗೆ ವೈಜಯಂತಿಗೆ ಅಂಕೋಲಾಕ್ಕೆ ವರ್ಗವಾಯಿತು. ಅಲ್ಲಿನ ಕೆಲಸ ದಾಸ್ತಾನು ಕೋಣೆಯಲ್ಲಿ ಕೂತು ಹಳೆಯ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುವುದು. ಹೊರಗಿನವರು ಯಾರೂ ಒಳಗೆ ಬರುವಂತಿಲ್ಲ. ಅವಳು ಹೊರಡುವ ಮುಂಚೆ ಗುರುಪ್ರಸಾದರು ಮತ್ತೊಮ್ಮೆ ಹೇಳಿಕಳಿಸಿದ್ದರು, ಸಹಿ ಹಾಕಿದರೆ ವರ್ಗ ರದ್ದು ಎಂದು. ಅವಳು ಹಾಕಲಿಲ್ಲ.

ವಾಡೆಗೆ ನಾಗಶ್ರೀ ಎಂಬ ಹೊಸ ಹುಡುಗಿ ಬಂದಳು. ಒಂದು ವಾರ ಸಂಜೆ ಕೋಣೆಯಲ್ಲಿ ಒಬ್ಬಳೇ ಕೂತಳು. ಆಮೇಲೆ ಬಸ್ಸಿನವರು ಅವಳ ಮನೆಗೇ ಹೋಗಿ ಕರೆದರು, ಅವಳು ಬೆಳಿಗ್ಗೆ ಚೀಲ ಹಿಡಿದು ಬಂದಳು.

ವೈಜಯಂತಿ ತನ್ನ ಓದುಗರನ್ನು ಕಳೆದುಕೊಂಡಳು. ವಾಡೆಯ ಗ್ರಂಥಾಲಯ ಉಳಿಯಿತು.