ಟಾಂಕಾದ ಬಾಯಷ್ಟು ಆಕಾಶ

ಮರಳುಗಾಡಿನ ನಡುವೆ ನಾಲ್ಕು ಗುಡಿಸಲಿನ ಕೊಪ್ಪಲು, ನಮ್ಮ ಢಾಣಿ. ಇಲ್ಲಿ ಮೋಡ ನೋಡುವುದು ಗಂಡಸರ ಕೆಲಸ. ಆಷಾಢ ಬಂತೆಂದರೆ ಮಾವ ಎದ್ದವರೇ ಮರಳದಿಬ್ಬ ಹತ್ತಿ, ಹಣೆಗೆ ಕೈ ಅಡ್ಡ ಹಿಡಿದು ನಿಲ್ಲುತ್ತಾರೆ. ಯಾವ ಮೋಡ ಬರೀ ಬಾಯಿಮಾತಿನದು, ಯಾವುದರ ಹೊಟ್ಟೆಯಲ್ಲಿ ನೀರಿದೆ ಎಂದು ಇಳಿದು ಬಂದು ಹೇಳುತ್ತಾರೆ. ಹೇಳಿದ್ದು ಹೆಚ್ಚಾಗಿ ಸುಳ್ಳಾಗುತ್ತದೆ, ಯಾಕೆಂದು ಯಾರೂ ಕೇಳುವುದಿಲ್ಲ. ಸೊಸೆಯಾದ ನಾನು ತಲೆಗೆ ಹೊದೆಯುವ ಬಿಡಿ ಸೆರಗನ್ನು ಮುಖದ ಮೇಲಿಂದ ಎದೆಯವರೆಗೆ ಇಳಿಬಿಟ್ಟು ಓಡಾಡುವವಳು. ನನ್ನ ಪಾಲಿಗೆ ಮೋಡವೆಂದರೆ ಅಂಗಳದ ಮೇಲೆ ಹಾದುಹೋಗುವ ನೆರಳು.

ಮದುವೆಯಾಗಿ ಬಂದ ಮೇಲೆ ಹುಟ್ಟಿದ ನನ್ನ ಮಗಳು ಈಗ ನನ್ನ ಭುಜದೆತ್ತರ ಇದ್ದಾಳೆ. ಆ ಮಳೆಯ ದಿನದವರೆಗೆ ಮಾವನೊಂದಿಗೆ ನಾನು ಒಂದು ಮಾತೂ ಆಡಿರಲಿಲ್ಲ, ಅವರ ಕಿವಿಗೆ ಬೀಳುವಂತೆ ಬೇರೆಯವರೊಂದಿಗೂ ಆಡಿರಲಿಲ್ಲ. ಅವರು ಎಲ್ಲಿಗೇ ಬರಲಿ, ಮೊದಲು ಕೆಮ್ಮುತ್ತಾರೆ. ಆ ಕೆಮ್ಮು ಕೇಳಿದೊಡನೆ ನಾನು ಗೋಡೆಗೆ ಸರಿದು ಮುಖ ಮುಚ್ಚಬೇಕು. ಇದು ನಮ್ಮಲ್ಲಿ ಮರ್ಯಾದೆ. ಯಾರ ಮರ್ಯಾದೆ ಎಂದು ಕೇಳುವ ಹಾಗಿಲ್ಲ.

ಆ ದಿನ ಮಧ್ಯಾಹ್ನ ನಾನು ಟಾಂಕಾದ ಒಳಗಿದ್ದೆ. ಟಾಂಕಾ ಎಂದರೆ ನಮ್ಮ ವರ್ಷದ ಕುಡಿಯುವ ನೀರು ನಿಲ್ಲುವ ನೆಲದಡಿಯ ತೊಟ್ಟಿ. ಮಳೆಗೆ ಮುಂಚೆ ಒಬ್ಬರು ಇಳಿದು ತಳದ ಹೂಳು ತೆಗೆಯಬೇಕು. ಗಂಡ ಕುರಿ ಹೊಡೆದುಕೊಂಡು ಮೂಡಲ ಸೀಮೆಗೆ ಹೋಗಿದ್ದರು. ಅತ್ತೆ ನನ್ನ ಮಗಳನ್ನು ಕರೆದುಕೊಂಡು ಸಾವಾದ ಮನೆಗೆ ಹೋಗಿದ್ದರು. ಉಳಿದವಳು ನಾದಿನಿ ಗವರಿ, ತವರಿಗೆ ಬಂದವಳು. ನಾನು ಬಕೆಟ್ ತುಂಬುವುದು, ಅವಳು ಹಗ್ಗದಲ್ಲಿ ಮೇಲೆಳೆಯುವುದು. ಟಾಂಕಾದ ಬಾಯಿ ಕಿರಿದು, ಏಣಿ ಇದ್ದರೆ ಬಕೆಟ್ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ನಾನು ಇಳಿದ ಮೇಲೆ ಗವರಿ ಏಣಿಯನ್ನು ಮೇಲೆಳೆದು ಪಕ್ಕಕ್ಕೆ ಮಲಗಿಸಿದ್ದಳು.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬರಿಯ ಮುಖ ಎತ್ತಿ ಬಕೆಟ್‌ಗೆ ಕಾಯುತ್ತಿದ್ದಾಗ ತಲೆಯ ಮೇಲೆ ತಟ್ಟೆಯಗಲದ ಆಕಾಶ ಕಂಡಿತು. ಅದರೊಳಗೆ ಒಂದು ಮೋಡ ಬಂತು. ಅಂಚು ಹಾಲಿನ ಕೆನೆ, ನಡು ಬಾಣಲೆಯ ತಳದಂತೆ ಕಪ್ಪು. ಅದರ ಹಿಂದೆ ಇನ್ನೊಂದು, ಒಂದನ್ನೊಂದು ತಳ್ಳಿಕೊಂಡು. ಇಷ್ಟು ವರ್ಷದಲ್ಲಿ ಮೋಡವನ್ನು ಹೀಗೆ ಎದುರಿಗೆ ನೋಡಿರಲಿಲ್ಲ. ಕೆಸರಲ್ಲಿ ನಿಂತು ನಾನು ನಕ್ಕೆ. ನಿಜಕ್ಕೂ ಖುಷಿಯಾಗಿತ್ತು.

"ಭಾಭಿ, ಬಾಯಿ ಬಿಟ್ಕೊಂಡು ಏನ್ ನೋಡ್ತಿದೀಯ? ಬಾಸಾ ಕೆಲಸ ನೀನು ಮಾಡ್ತಿದೀಯಾ?" ಗವರಿ ಮೇಲಿಂದ ಇಣುಕಿದಳು. ಮಾವನನ್ನು ಮನೆಯವರೆಲ್ಲ ಬಾಸಾ ಎನ್ನುತ್ತಾರೆ.

"ಅವರಿಗಿಂತ ಚೆನ್ನಾಗೇ ಹೇಳ್ತೀನಿ. ಇದು ಬರತ್ತೆ."

"ಬರೋ ಹಾಗಿದ್ರೆ ಬೆರಣಿ ನೆನೆದು ಹೋಗತ್ತೆ. ಅಮ್ಮ ನನ್ನ ಚರ್ಮ ಸುಲೀತಾಳೆ. ಮುಚ್ಚಿಟ್ಟು ಈಗ ಬಂದೆ."

"ಏಣಿ ಹಾಕಿ ಹೋಗೇ."

ಕೇಳಿಸಿತೋ ಇಲ್ಲವೋ, ಅವಳ ಗೆಜ್ಜೆ ಸದ್ದು ದೂರವಾಯಿತು.

ಹಿಂದೆಯೇ ಗಾಳಿ ಎದ್ದಿತು. ಆಕಾಶ ಹಳದಿಯಾಗಿ, ಟಾಂಕಾದ ಬಾಯಿಂದ ಮರಳು ಸುರಿಯತೊಡಗಿತು. ಗುಡುಗಿತು. ಗವರಿ ಬರಲಿಲ್ಲ. ಅಷ್ಟರಲ್ಲಿ ಮೇಲೆ ಕೆಮ್ಮು ಕೇಳಿಸಿತು.

ನಾನೇನು ಮಾಡಿದೆ ಗೊತ್ತೇ? ಸೊಂಟದ ಸೆರಗು ಕಿತ್ತು ಮುಖಕ್ಕೆ ಎಳೆದುಕೊಂಡು ಗೋಡೆಗೆ ಸರಿದು ನಿಂತೆ. ಯೋಚನೆ ಮಾಡಿ ಮಾಡಿದ್ದಲ್ಲ, ಕಾಲು ತಾನಾಗಿ ಸರಿಯಿತು. ಮಾವ ಬಗ್ಗಿ ನೋಡಿದರು. ಅವರಿಗೆ ಕಂಡಿದ್ದು ಖಾಲಿ ತಳ.

"ಕೆಲಸ ಮುಗಿಸಿದ್ರೆ ಮುಚ್ಚೋದಕ್ಕೇನು ಧಾಡಿ ಈ ಹೆಣ್ಣುಗಳಿಗೆ" ಎಂದು ಗೊಣಗಿದರು. ನಾನು ಬಳೆ ಅಲ್ಲಾಡಿಸಿದೆ. ಗಂಡಸರಿಗೆ ನಾವಿದ್ದೇವೆ ಎಂದು ತಿಳಿಸಲು ನಮಗಿರುವುದು ಅದೊಂದೇ. ಅದೇ ಹೊತ್ತಿಗೆ ಗುಡುಗಿತು. ಕಬ್ಬಿಣದ ಮುಚ್ಚಳ ದಡ್ ಎಂದು ಬಿತ್ತು.

ಕತ್ತಲೆ. ಮಳೆನೀರು ಒಳಗಿಳಿಯಲೆಂದು ಗೋಡೆಯ ಮೇಲ್ತುದಿಯಲ್ಲಿ ಬಿಟ್ಟ ಗಂಡಿಗಳಿಗೆ ತುರುಕಿದ್ದ ಗೋಣಿಯನ್ನು ಮಾವ ಒಂದೊಂದಾಗಿ ಕಿತ್ತಾಗ ಗೇಣಷ್ಟು ಬೆಳಕು ಬಂತು. ಮೊದಲ ಮಳೆಯನ್ನು ಒಳಗೆ ಬಿಡುವುದಿಲ್ಲ ನಾವು, ನೆಲ ತೊಳೆದುಕೊಂಡು ಹೊರಗೆ ಹೋಗಲಿ ಎಂದು ಬಿಡುತ್ತೇವೆ. ಆದರೆ ಎರಡು ವರ್ಷ ಮುಖ ತೋರಿಸದ ಮಳೆಯನ್ನು ಹೊರಗೆ ಕಳಿಸಲು ಯಾರಿಗೆ ಮನಸ್ಸು ಬರುತ್ತದೆ?

ಮಳೆ ಬಂತು. ಎಲ್ಲರೂ ಹರಕೆ ಹೊತ್ತು ಕಾದ ಮಳೆ. ಗಂಡಿಗಳಿಂದ ಕೆಂಪು ನೀರು ನೊರೆ, ಹಿಕ್ಕೆ, ಮುಳ್ಳು ಹೊತ್ತುಕೊಂಡು ನುಗ್ಗಿತು. ಮೊಣಕಾಲಾಯಿತು, ಸೊಂಟವಾಯಿತು. "ಗವರೀ" ಎಂದು ಕೂಗಿದೆ. ಹೊರಗೆ ಮಾವನ ಸನಿಕೆ ಸದ್ದು ಮಾಡುತ್ತಿತ್ತು, ಇನ್ನಷ್ಟು ನೀರನ್ನು ನನ್ನ ಕಡೆಗೇ ತಿರುಗಿಸುತ್ತಿದ್ದರು. ಅವರನ್ನು ಕೂಗಲು ಬಾಯಿ ತೆರೆದರೆ ದನಿ ಹೊರಡಲಿಲ್ಲ. ಸಾಯುವ ಭಯಕ್ಕಿಂತ ಆ ನಾಚಿಕೆ ದೊಡ್ಡದಾಗಿತ್ತು. ಇದನ್ನು ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ನೀರು ಎದೆಗೆ ಬಂದಾಗ ನಾಚಿಕೆ ಹೋಯಿತು. ಮೇಲಿನ ಗಂಡಿಯತ್ತ ಮುಖ ಎತ್ತಿ ಕಿರುಚಿದೆ. "ಬಾಸಾ! ಮುಚ್ಚಳ ತೆಗೀರಿ!"

ಸನಿಕೆ ನಿಂತಿತು. "ಯಾರದು?"

"ನಾನು."

"ನಾನು ಅಂದ್ರೆ? ಗವರಿ ಮನೇಲಿದಾಳಲ್ಲ."

"ಗವರಿ ಅಲ್ಲ, ಹಸ್ತು."

"ಹಸ್ತು ಯಾರು?"

ಅವರ ದನಿಯಲ್ಲಿ ಹೆದರಿಕೆಯಿತ್ತು. ನೀರಿನೊಳಗಿಂದ ಎಂದೂ ಕೇಳಿರದ ದನಿ, ತಿಳಿಯದ ಹೆಸರು. ಆ ಮನೆಯಲ್ಲಿ ನಾನು ಕಾನಾಸರದವಳು, ನನ್ನ ತವರೂರೇ ನನ್ನ ಹೆಸರು. ಅವರಿಗೆ ದಿನಕ್ಕೆರಡು ಸಲ ರೊಟ್ಟಿ ತಟ್ಟಿಕೊಡುವವಳ ಹೆಸರು ಹಸ್ತು ಎಂದು ಯಾರೂ ಹೇಳಿರಲಿಲ್ಲ.

"ನಿಮ್ಮ ಸೊಸೆ ಬಾಸಾ, ಕಾನಾಸರದವಳು. ಸಾಯ್ತಿದೀನಿ."

ಮುಚ್ಚಳ ಎದ್ದಿತು. ಏಣಿ ಇಳಿಯಿತು. ನಾನು ಹತ್ತುವಷ್ಟು ಹೊತ್ತೂ ಮಾವ ಏಣಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದರು, ಮುಖ ಮಾತ್ರ ಆ ಕಡೆ ತಿರುಗಿಸಿ. ಸೆರಗು ನೀರುಪಾಲಾಗಿತ್ತು. ನಾನು ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಮಳೆಯಲ್ಲಿ ಮನೆಗೆ ಓಡಿದೆ. ಹಾರಿಹೋದ ಚಾವಣಿಯ ಹುಲ್ಲಿನ ಹಿಂದೆ ಬಿದ್ದು ನನ್ನನ್ನು ಮರೆತೇಬಿಟ್ಟಿದ್ದ ಗವರಿ, ಕಂಡೊಡನೆ ಕಾಲು ಹಿಡಿದು ಅತ್ತಳು.

ಸಂಜೆ ಅತ್ತೆ ಮಳೆಯಲ್ಲಿ ತೊಯ್ದು ನಗುತ್ತ ಬಂದರು. ಅಂಗಳದಲ್ಲಿ ಗಂಡಸರು ಊಟಕ್ಕೆ ಕೂತಿದ್ದರು. ಮಳೆಯ ಸಂಭ್ರಮ ಹೇಳಲು ದಿಬ್ಬದಾಚೆಯ ಭೋಮಾರಾಮ್ ಕಾಕಾ ಬಂದಿದ್ದರು. ನಾನು ಒಲೆಯ ಮುಂದೆ, ಬೇರೆ ಸೆರಗಿನೊಳಗೆ ಕೂತಿದ್ದೆ.

"ಮಳೆ ಜೋರಾಗಿದ್ದಾಗ ನಿಮ್ಮ ಕಡೆಯಿಂದ ಯಾರೋ ಹೆಂಗಸು ಕಿರುಚಿದ ಹಾಗಾಯ್ತಲ್ಲ?" ಎಂದರು ಕಾಕಾ.

ಮಾವ ಇನ್ನೊಂದು ತುಂಡು ರೊಟ್ಟಿ ಮುರಿದರು. "ಹೆಂಗಸೆಲ್ಲಿ ಬಂದ್ಲು. ನವಿಲು."

"ನವಿಲಾ? ಮಾತಾಡಿದ ಹಾಗಿತ್ತಪ್ಪ."

"ಎರಡು ವರ್ಷ ಆದ್ಮೇಲೆ ಮಳೆ ಕಂಡಿದೆ, ಮಾತೂ ಆಡತ್ತೆ, ಹಾಡೂ ಹೇಳತ್ತೆ. ನೀನು ತಿನ್ನು."

ಎಲ್ಲರೂ ನಕ್ಕರು. "ಪಾಪ, ಗಂಟಲು ಹರ್ಕೊಂಡಿರ್ಬೇಕು" ಎಂದು, ನಡೆದದ್ದು ತಿಳಿಯದ ಅತ್ತೆಯೂ ನಕ್ಕರು. ಗವರಿ ತಲೆ ತಗ್ಗಿಸಿದಳು.

ನಾಳೆ ಊರೆಲ್ಲ ಆಡಿಕೊಳ್ಳದಿರಲಿ ಎಂದು ಮಾವ ಹಾಗೆಂದರು, ಅದು ನನಗೂ ಗೊತ್ತು. ಆದರೂ ರೊಟ್ಟಿ ತಟ್ಟುತ್ತಲೇ ನನಗೆ ಇನ್ನೊಂದೂ ಗೊತ್ತಾಯಿತು. ಇನ್ನೊಂದು ಸಲ ನಾನು ಎಲ್ಲಿಂದ ಎಷ್ಟೇ ಕಿರುಚಲಿ, ಈ ಮನೆಯಲ್ಲಿ ಯಾರೂ ಊಟ ಬಿಟ್ಟು ಏಳುವುದಿಲ್ಲ. ನವಿಲು ಅನ್ನುತ್ತಾರೆ.